ಕಿತ್ತೂರ ಸ್ಟ್ಯಾಂಡಿನ್ಯಾಗ ಕುಂತಾಕಿ

ಸವದತ್ತಿ
9 ಜೂನ್ 2024

ಅಮೀರಾ ಆಪಾಗ, ಬೈಲಹೊಂಗಲದ ಸಾಯಿಮಾನ ಸಲಾಂ.

ನೀ ನನ್ನ ಮರತಿರಬಹುದು. ಹತ್ತಿ ವ್ಯಾಪಾರದ ಬುರಾನಸಾಬರ ಮಗಳು ನಾನು. ನನ್ನ ಹಿಡಕೊಳ್ಳಾಕ ಅಂತ ನಿನ್ನ ನಮ್ಮ ಮನಿಗೆ ಕರಕೊಂಡು ಬಂದಾಗ ನಿನಗ ಹತ್ತು ವರ್ಷ, ನಾ ತೊಟ್ಟಿಲದಾಗಿದ್ದೆ. ನಿನ್ನ ನಿಕಾ ಆಗಿ ನೀ ನಿಮ್ಮ ಕಾಡಿನ ಊರಿಗೆ ಹೊಳ್ಳಿ ಹೋಗುವಾಗ ನಾ ಹನ್ನೊಂದು ವರ್ಷದಾಕಿ. ಆಮ್ಯಾಲ ನಾವಿಬ್ರೂ ಒಬ್ರ ಮಾರಿ ಒಬ್ರು ನೋಡಿಲ್ಲ. ಹಳಿಯಾಳ ಕಡಿ ಲಾರಿ ಹೊಡಿಯೋ ಒಬ್ರ ಕಡಿಂದ ನಿನ್ನ ವಿಳಾಸ ಸಿಕ್ಕಿತು. ನಿಮ್ಮ ಊರಾಗ ಫೋನ್ ಹತ್ತೂದಿಲ್ಲಂತ, ನಿನಗ ಮಹೇಕ್ ಅಂತ ಅಂಗನವಾಡಿ ಟೀಚರ್ ಮಗಳದಾಳಂತ. ಅಕಿ ಓದಿ ಹೇಳ್ತಾಳ ಅನ್ನೋ ಧೈರ್ಯದ ಮ್ಯಾಲ ಬರಿಯಾಕತ್ತೇನಿ.

ಅಬ್ಬಾ ಈ ಸಲ ರಂಜಾನದಾಗ ತೀರಿಕೊಂಡ್ರು. ಅಮ್ಮಿ ಹೋಗಿ ಆರು ವರ್ಷಾತು. ಮನಿ ಖಾಲಿ ಮಾಡುವಾಗ ದೊಡ್ಡ ಟ್ರಂಕಿನ ತಳದಾಗ ನೀ ಹೊಲದ ಕೌದಿ ಸಿಕ್ಕಿತು. ಅಮ್ಮಿಯ ಹಳೇ ಸೀರಿ, ಅಬ್ಬಾನ ಲುಂಗಿ, ನನ್ನ ಸಾಲಿ ಲಂಗ, ಎಲ್ಲಾ ತುಂಡು ಅದರಾಗ ಅದಾವ. ಬಿಚ್ಚಿ ಹಾಸಿ, ಅದರ ಮ್ಯಾಲ ಕುಂತು ಭಾಳ ಹೊತ್ತು ಅತ್ತೆ.

ನಾ ಈಗ ಸವದತ್ತಿ ಹೈಸ್ಕೂಲಿನ್ಯಾಗ ಚಿತ್ರಕಲಾ ಶಿಕ್ಷಕಿ. ಮೂರು ವರ್ಷದಿಂದ ನಿಮ್ಮ ಸಿದ್ದಿ ಮಂದಿಯ ಕಥಿ ಬರಿಯಾಕತ್ತೇನಿ, ಬಣ್ಣದಾಗ. ಆಫ್ರಿಕಾದಿಂದ ಹಡಗಿನ್ಯಾಗ ಗುಲಾಮರು ಅಂತ ಗೋವಾಕ್ಕ ತಂದದ್ದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದ್ದು, ಕಾಡು ಅವರನ್ನ ಉಡಿಯಾಗ ಮುಚ್ಚಿ ಇಟಗೊಂಡದ್ದು. ಜನವರಿಯೊಳಗ ಬೈಲಹೊಂಗಲದಾಗ ನಮ್ಮ ಹಳೇ ಹತ್ತಿ ಗೋದಾಮಿನ್ಯಾಗ ಇವನ್ನೆಲ್ಲಾ ಪ್ರದರ್ಶನಕ್ಕ ಇಡತೇನಿ. ಬೆಳಗಾವಿ, ಧಾರವಾಡದಿಂದ ಕಲಾವಿದರು ಬರತಾರ. ಚಿತ್ರಗಳ ನಡುವ ನಿನ್ನ ಕೌದಿ ತೂಗಹಾಕಬೇಕು ಅಂತ ಆಸೆ. ನಿನ್ನ ಹೆಸರು ದೊಡ್ಡದಾಗಿ ಹಾಕತೇನಿ. ಹೂಂ ಅನ್ನು ಆಪಾ. ನಿಮ್ಮ ಹಿರ್ಯಾರು ಸಮುದ್ರ ದಾಟಿ ಬಂದದ್ದರ ಬಗ್ಗೆ ಏನಾರ ಕೇಳಿದ್ದರ ಅದನ್ನೂ ಬರಸು.

ನೀ ಎತ್ತಿ ಆಡಿಸಿದಾಕಿ,
ಸಾಯಿಮಾ


ಹಳಿಯಾಳ ತಾಲೂಕ
30 ಜೂನ್ 2024

ಸಾಯಿಮಾ ಟೀಚರ್‌ಗೆ,

ನಾನು ಮಹೇಕ್. ಅಮ್ಮಿ ಹೇಳಿದಂಗ ಬರಿಯಾಕತ್ತೇನಿ. ಇಲ್ಲಿಂದ ಮುಂದ ಅವರ ಮಾತು.

ಸಾಯಿಮಾ, ನಿನ್ನ ಮರತಿಲ್ಲ. ಹೆಂಗ ಮರೀಲಿ. ನಿನ್ನ ಮೊದಲ ಹಲ್ಲು ಬಿದ್ದಾಗ ಅದನ್ನ ಹಂಚಿನ ಮ್ಯಾಲ ಒಗದಾಕಿ ನಾ.

ಸಾಹೇಬರಿಗೆ ಅಲ್ಲಾ ಜನ್ನತ್ ಕೊಡಲಿ. ಸುದ್ದಿ ಆ ವಾರನ ತಿಳಿದಿತ್ತು. ನಾ ಬರಲಿಲ್ಲ. ನನ್ನ ಕಾಲು ಏಳಲಿಲ್ಲ ಅಂತ ತಿಳಕೋ.

ಕೌದಿ ನಿಮ್ಮ ಮನ್ಯಾಗಿಂದು, ಬೇಕಾದಲ್ಲಿ ತೂಗಹಾಕು. ಆದ್ರ ಒಂದು ಹೇಳತೇನಿ. ಅದರ ನಾಕೂ ಮೂಲಿ ನೋಡು. ನಮ್ಮ ಮಂದಿ ಕೌದಿ ಹೊಲದು ಮುಗಿಸಿದ ಮ್ಯಾಲ ಮೂಲಿಗೆ ಬಣ್ಣದ ತುಂಡು ಮಡಚಿ ಹೂವಿನಂಗ ಕೂಡಸ್ತೇವಿ. ಅದಕ್ಕ ಫೂಲು ಅಂತೇವಿ. ಫೂಲಿಲ್ಲದ ಕೌದಿ ಬತ್ತಲಿ ಇದ್ದಂಗ. ನಿಮ್ಮ ಮನಿಗೆ ನಾ ಹೊಲದ ಕೊನೀ ಕೌದಿ ಅದು. ಅದಕ್ಕ ಫೂಲು ಹಾಕಲಿಲ್ಲ. ಬೀಬಿ, ನಿಮ್ಮಮ್ಮಿ, ಕೇಳಿದ್ರು. ತುಂಡು ಸಾಲಲಿಲ್ಲರಿ ಅಂದೆ. ತುಂಡು ಬೇಕಾದಷ್ಟಿದ್ದುವು. ನೋಡಾಕ ಬಂದವರಿಗೆ ಇದನ್ನ ತಿಳಿಸಿ ಹೇಳು, ಇಲ್ಲಾಂದ್ರ ಸಿದ್ದಿ ಹೆಣ್ಮಕ್ಕಳು ಹಿಂಗ ಹೊಲೀತಾರ ಅಂತ ತಿಳಕೊಂಡಾರು.

ಸಮುದ್ರದ ಬಗ್ಗೆ ಕೇಳೀದಿ. ನಮ್ಮವ್ವ ಅಂತಿದ್ಲು, ನಾವು ನೀರಿನ ಆಚಿಂದ ಬಂದವರು ಅಂತ. ಯಾವ ನೀರು ಅಂತ ಕೇಳಿದ್ರ ಅಕಿಗೂ ಗೊತ್ತಿರಲಿಲ್ಲ. ಅಷ್ಟ.

ನಿಮ್ಮ ಮನ್ಯಾಗ ನಾ ಹನ್ನೊಂದು ವರ್ಷ ಇದ್ದೆ. ಎರಡು ವರ್ಷ ಇಟಗೊಂಡು ಕಳಸ್ತೇವಿ ಅಂದಿದ್ರು. ಹೊಟ್ಟಿಗೆ, ಬಟ್ಟಿಗೆ ಕಡಿಮಿ ಮಾಡಲಿಲ್ಲ, ಸುಳ್ಳು ಯಾಕ ಹೇಳಲಿ. ಆದ್ರ ಒಂದು ಶನಿವಾರದ್ದು ನನ್ನ ಎದಿಯೊಳಗ ಹಂಗ ಕುಂತೈತಿ. ನಿನಗ ನೆನಪಿರಾಕಿಲ್ಲ, ನೀ ಏಳು ವರ್ಷದಾಕಿ.

ಅಮೀರಬಿ

ಟೀಚರ್, ಇದು ನನ್ನ ಮಾತು. ಶನಿವಾರದ್ದು ಏನು ಅಂತ ನಾ ಕೇಳಿದೆ. ಅಮ್ಮಿ ಎದ್ದು ಹೋಗಿ ಕಟಗಿ ಒಡಿಯಾಕ ನಿಂತ್ರು. ಮತ್ತ ಇನ್ನೊಂದು. ನನ್ನ ಅಮ್ಮಿಗೆ ಈಗ ಐವತ್ತಾರು ವರ್ಷ. ನೀವು ‘ನೀ’ ಅಂತ ಬರದೀರಿ. — ಮಹೇಕ್


ಸವದತ್ತಿ
21 ಜುಲೈ 2024

ಆಪಾ,

ಮಹೇಕ್ ಹೇಳಿದ್ದು ಖರೇ ಐತಿ. ನಮ್ಮ ಮನ್ಯಾಗ ಎಲ್ಲಾರೂ ನಿಮಗ ‘ನೀ’ ಅಂತಿದ್ರು, ತೊಟ್ಟಿಲದಾಗಿನ ಕೂಸಿನ ತನಕ. ಇನ್ನ ಮ್ಯಾಲ ಹಂಗ ಬರಿಯೂದಿಲ್ಲರಿ.

ಮೂಲಿ ನೋಡಿದೆ. ಬರಿಗೈ ಬೆರಳಿನಂಗ ಕಾಣತಾವ. ಇಷ್ಟು ವರ್ಷ ಅದು ಹಂಗ ಇರಬೇಕು ಅಂತ ತಿಳಕೊಂಡಿದ್ದೆ. ನೀವು ಹೇಳಿದ ಮಾತನ್ನ ಕೌದಿಯ ಬಾಜೂ ಬರದು ಹಚ್ಚತೇನಿ.

ಇದರ ಜೋಡಿ ಆರು ಚಿತ್ರದ ಫೋಟೋ ಕಳಸೇನಿ. ಎಲ್ಲಾಕ್ಕಿಂತ ದೊಡ್ಡದು ಕೊನೀದು, ಹನ್ನೆರಡು ಫೂಟ ಅಗಲ. ಅದಕ್ಕ ‘ಬಿಡುಗಡಿ’ ಅಂತ ಹೆಸರಿಟ್ಟೇನಿ. ಒಬ್ಬ ಸಿದ್ದಿ ಹುಡುಗಿ ಕೈಯಾಗಿನ ಬೇಡಿ ಹರಕೊಂಡು ಕಾಡಿನೊಳಗ ಓಡಾಕತ್ತಾಳ. ಅಕಿ ಕೂದಲದಾಗ ಹಕ್ಕಿ ಗೂಡು ಕಟ್ಟ್ಯಾವ, ಕಾಲಿಗೆ ಬೇರು ಮೂಡ್ಯಾವ. ಮಾರಿ ಬರಿಯುವಾಗ ನಿಮ್ಮ ಮಾರಿನ ಕಣ್ಣ ಮುಂದಿತ್ತು. ಹೆಂಗೈತಿ ಹೇಳ್ರಿ.

ಆ ಶನಿವಾರದ ಬಗ್ಗೆ ಬರದೀರಿ. ನಂಗ ಅದು ಅಷ್ಟಾಗಿ ನೆನಪಿಲ್ಲ, ಆಪಾ. ಸಣ್ಣಾಕಿದ್ದೆ. ನಿಮಗ ಹೇಳಬೇಕು ಅನಿಸಿದ್ರ ಕೇಳಾಕ ನಾ ಅದೇನಿ.

ಮಳಿ ಜೋರೈತಂತ ಕೇಳಿದೆ. ಎಚ್ಚರದಿಂದ ಇರ್ರಿ.

ನಿಮ್ಮ
ಸಾಯಿಮಾ


ಹಳಿಯಾಳ ತಾಲೂಕ
1 ಸೆಪ್ಟೆಂಬರ್ 2024

ಸಾಯಿಮಾ,

‘ನೀವು’ ಅಂತ ಬರದಿ. ಮೊದಲ ಸಲ ಮಹೇಕ್ ಓದಿದಾಗ ಯಾರಿಗೋ ಬರದ ಪತ್ರ ನಂಗ ಬಂದೈತಿ ಅನಿಸಿತು. ಆದ್ರ ಬ್ಯಾಡ ಅನ್ನೂದಿಲ್ಲ.

ಫೋಟೋ ನೋಡಿದೆ. ಹಡಗು ಚೊಲೊ ಬರದಿ, ನೀರಿನ ಬಣ್ಣ ನೋಡಿದ್ರ ಅಂಜಿಕಿ ಬರತೈತಿ. ಓಡೋ ಹುಡುಗಿ ನಂಗ ಮನಸಿಗೆ ಬರಲಿಲ್ಲ. ಕಾಡಿನ್ಯಾಗ ಯಾರೂ ಹಂಗ ಓಡೂದಿಲ್ಲ. ಮುಳ್ಳಿರತಾವ, ಹಾವಿರತಾವ, ನೆಲ ನೋಡಕೋತ ಹೋಗಬೇಕು. ನೀ ಕಾಡು ಅಂದ್ರ ಬಿಡುಗಡಿ ಅಂತ ಬರದಿ. ನಂಗ ಕಾಡು ಅಂದ್ರ ನಮ್ಮವ್ವ ಇದ್ದ ಜಾಗ. ಸೀಗಿಕಾಯಿ ಆರಿಸಿಕೊಂಡು, ಜೇನು ಇಳಿಸಿಕೊಂಡು ಅಕಿ ಬಾಳೇವು ಮಾಡಿದ ಜಾಗ. ಮತ್ತ ನಾ ಓಡಲಿಲ್ಲ. ಕುಂತಿದ್ದೆ. ಅದನ್ನ ಇವತ್ತು ಹೇಳತೇನಿ, ಮಹೇಕನೂ ಕೇಳಲಿ.

ಆ ವರ್ಷ ರಂಜಾನ್ ಹಬ್ಬ ಆಗಿ ಒಂದು ತಿಂಗಳಾಗಿತ್ತು. ನಮ್ಮವ್ವಗ ಎದಿ ಬ್ಯಾನಿ. ಒಮ್ಮಿ ನೋಡಿ ಬರತೇನಿ ಅಂತ ಸಾಹೇಬರಿಗೆ ಎರಡು ಸಲ ಕೇಳಿದೆ. ಬೀಬಿ ಬಸರಿ ಅದಾಳ, ಹೆರಿಗಿ ಆಗಲಿ, ಕಳಸ್ತೇನಿ ಅಂದ್ರು. ಆಗ ನಮ್ಮಣ್ಣ ದಾವಲ ಒಬ್ಬ ಡ್ರೈವರನ ಕೂಡ ಸುದ್ದಿ ಹೇಳಿ ಕಳಿಸಿದ. ಶನಿವಾರ ಮಧ್ಯಾಹ್ನ ಕಿತ್ತೂರ ಬಸ್ ಸ್ಟ್ಯಾಂಡಿಗೆ ಬರತೇನಿ, ನೀ ಅಲ್ಲಿ ತನಕ ಬಾ, ಮುಂದ ನಾ ಕರಕೊಂಡು ಹೋಗತೇನಿ ಅಂತ.

ಹೋದೆ. ಹತ್ತು ಗಂಟೆಕ್ಕ ಕಿತ್ತೂರ ಮುಟ್ಟಿ ಸಿಮೆಂಟಿನ ಬಾಕಿನ ಮ್ಯಾಲ ಕುಂತೆ. ಹದಿನೇಳು ವರ್ಷದಾಕಿ, ಹಂಗ ಒಬ್ಬಾಕಿನ ಎಲ್ಲೂ ಕುಂತಾಕಿ ಅಲ್ಲ. ತಲಿಮ್ಯಾಗಿನ ಸೆರಗು ಜಾರಿತ್ತು, ಅತ್ಲಾಗ ಇತ್ಲಾಗ ಮಂದಿ ನನ್ನ ಕೂದಲ ನೋಡಿ ನಗಾಕತ್ತಿದ್ರು. ನಂಗ ಅದರ ಖಬರ್ ಇರಲಿಲ್ಲ. ನಾ ಮನಿಗೆ ಹೊಂಟೇನಿ ಅಂತ ಒಂದ ಖುಷಿ.

ಹನ್ನೊಂದೂವರಿಗೆ ಸಾಹೇಬರ ಜೀಪ್ ಬಂತು. ಹೊಡಿಲಿಲ್ಲ. ಬೈಲಿಲ್ಲ. ‘ನಡಿ ಬೇಟಿ, ಮನಿಗೆ ಹೋಗೂಣು’ ಅಂದ್ರು. ನಾ ಎದ್ದು ಹೋಗಿ ಜೀಪಿನ್ಯಾಗ ಕುಂತೆ. ಅವರು ನನ್ನ ಕೈ ಸುದ್ದಾ ಹಿಡೀಲಿಲ್ಲ, ಸಾಯಿಮಾ. ನನ್ನಷ್ಟಕ್ಕ ನಾನ ಕುಂತೆ. ಅದ್ಯಾಕ ಕುಂತೆ ಅಂತ ಇವತ್ತಿಗೂ ನಂಗ ತಿಳಿದಿಲ್ಲ. ದಾರ್ಯಾಗ ಒಂದು ಅಂಗಡಿ ಮುಂದ ನಿಂದರಿಸಿ ಏನೋ ತಗೊಂಡ್ರು.

ಅಣ್ಣ ಒಂದು ಗಂಟೆಕ್ಕ ಬಂದು ಸಂಜೀತನಕ ನಿಂತು ಹೋದನಂತ. ಮಂಗಳವಾರ ಅವ್ವ ಹೋದಳು. ನಂಗ ಅದು ತಿಳದದ್ದು ತಿಂಗಳಾದ ಮ್ಯಾಲ.

ನಾ ಎಲ್ಲಿ ಹೊಂಟೇನಿ ಅನ್ನೂದು ಒಬ್ಬಾಕಿಗಷ್ಟ ಗೊತ್ತಿತ್ತು. ಅಕಿನ ಹೇಳಿಕೊಟ್ಟಳು. ಅಕಿ ಹೆಸರು ನನ್ನ ಬಾಯಿಲೆ ತಗೊಳ್ಳೂದಿಲ್ಲ.

ಅಮೀರಬಿ


ಸವದತ್ತಿ
6 ಅಕ್ಟೋಬರ್ 2024

ಆಪಾ,

ಐದು ಸಲ ಬರದು ಹರದೇನಿ. ಇದನ್ನ ಹರಿಯೂದಿಲ್ಲ.

ನೀವು ಹೆಸರು ಹೇಳಲಿಲ್ಲ, ಆದ್ರ ಯಾರು ಅಂತ ನಂಗ ಗೊತ್ತು. ಬಾಜೂ ಮನಿ ದೇವಕ್ಕ. ಕಟ್ಟಿ ಮ್ಯಾಲ ಹೊಲಗಿ ಮಷೀನು ಇಟಗೊಂಡು ಹೊಲೀತಿದ್ದಾಕಿ, ಉಳದ ಚಿಂದಿ ಎಲ್ಲಾ ನಿಮ್ಮ ಕೌದಿಗೆ ಕೊಡತಿದ್ದಾಕಿ. ದೇವಕ್ಕ ಹೇಳಿಲ್ಲ. ಹೇಳಿದಾಕಿ ನಾನು.

ಆ ಶುಕ್ರವಾರ ಸಂಜೀಮುಂದ ನಾ ದೇವಕ್ಕನ ಮಷೀನಿನ ಕೆಳಗ ಚಿಂದಿ ಆರಿಸಿಕೋತ ಕುಂತಿದ್ದೆ. ನೀವು ಬಂದು ಅಕಿ ಮುಂದ ಎಲ್ಲಾ ಹೇಳಿದ್ರಿ. ಅಕಿ ಒಳಗ ಹೋಗಿ ಒಂದು ಇಳಕಲ್ ಸೀರಿ ತಂದಳು. ‘ತಲಿಮ್ಯಾಗ ಸೆರಗು ಹೊಚ್ಚಿಕೊಂಡು ಹೋಗ, ಯಾರೂ ಗುರತಾ ಹಿಡಿಯೂದಿಲ್ಲ’ ಅಂದಳು. ನೀವಿಬ್ರೂ ನನ್ನ ನೋಡಲಿಲ್ಲ.

ಮರದಿನ ಮುಂಜಾನಿ ಎದ್ರ ನೀವಿಲ್ಲ. ನನ್ನ ತಲಿ ಬಾಚವ್ರಿಲ್ಲ. ಅಮ್ಮಿ ಬಾಚಾಕ ಬಂದ್ರ ನಾ ನೆಲಕ್ಕ ಬಿದ್ದು ಉಳ್ಳಾಡಿ ಅತ್ತೆ. ನೀವು ಇನ್ನ ಬರೂದ ಇಲ್ಲ ಅನ್ನೋ ಹೆದರಿಕಿ. ಅಬ್ಬಾ ನನ್ನ ತೊಡಿಮ್ಯಾಲ ಕುಂದರಿಸಿಕೊಂಡು ಕೇಳಿದ್ರು: ‘ಅಮೀರಾ ಎಲ್ಲಿಗೆ ಹೋಗ್ಯಾಳ, ನಿನಗ ಗೊತ್ತೈತೇನು?’ ನಾ ಕಿತ್ತೂರ ಬಸ್ ಸ್ಟ್ಯಾಂಡ್ ಅಂದೆ. ‘ನನ್ನ ಆಪಾನ ಕರಕೊಂಡು ಬರ್ರಿ’ ಅಂತ ನಾನ ಅವರ ಕೈ ಹಿಡಿದು ಎಬ್ಬಿಸಿದೆ.

ದಾರ್ಯಾಗ ಅವರು ಅಂಗಡ್ಯಾಗ ತಗೊಂಡದ್ದು ನಂಗ. ಹನ್ನೆರಡು ಬಣ್ಣದ ಮೇಣದ ಕಡ್ಡಿ. ನಾ ಖರೇ ಹೇಳಿದ್ದಕ್ಕ. ಅದಕ್ಕೂ ಮೊದಲ ನನ್ನ ಕೈಯಾಗ ಬಣ್ಣ ಇರಲಿಲ್ಲ, ಆಪಾ. ಅವತ್ತ ಮಧ್ಯಾಹ್ನ ನೀವು ಅಡಗಿಮನ್ಯಾಗ ಗೋಡಿಗೆ ಮಾರಿ ಮಾಡಿ ಕುಂತಿದ್ರಿ. ನಾ ಹೊರಗ ಕುಂತು ನಿಮ್ಮ ಚಿತ್ರ ಬರದೆ. ಅದ ನನ್ನ ಮೊದಲನೇ ಚಿತ್ರ. ಅಬ್ಬಾ ಅದನ್ನ ಗೋಡಿಗೆ ಅಂಟಿಸಿ ಬಂದವರಿಗೆಲ್ಲಾ ತೋರಿಸಿದ್ರು. ನನ್ನ ಮಗಳು ದೊಡ್ಡ ಕಲಾವಿದೆ ಆಗತಾಳ ಅಂದ್ರು.

ನಿಮ್ಮ ಅವ್ವ ಅದ ವಾರ ಹೋದ್ರು ಅನ್ನೂದು ನಂಗ ಗೊತ್ತಾದಾಗ ಹದಿನಾರು ವರ್ಷ. ಅಮ್ಮಿ ಯಾರ ಮುಂದನೋ ಹೇಳೂದು ಕೇಳಿದೆ. ಅವತ್ತಿಂದ ಒಂದು ದಿನಾನೂ ಮರತಿಲ್ಲ. ‘ಅಷ್ಟಾಗಿ ನೆನಪಿಲ್ಲ’ ಅಂತ ಜುಲೈದಾಗ ಬರದದ್ದು ಸುಳ್ಳು. ಮೂರು ವರ್ಷದಿಂದ ಹಡಗು, ಬೇಡಿ, ಕಾಡು ಬರಿಯಾಕತ್ತೇನಿ. ಆದ್ರ ಬರೀಬೇಕಾದ್ದು ನಮ್ಮ ಮನಿಯಿಂದ ಮೂವತ್ತು ಕಿಲೋಮೀಟರ್ ಒಳಗ ಇತ್ತು.

ಮಾಫಿ ಕೇಳಾಕೂ ನಂಗ ಬಾಯಿಲ್ಲ.

ಸಾಯಿಮಾ


ಹಳಿಯಾಳ ತಾಲೂಕ
27 ಅಕ್ಟೋಬರ್ 2024

ಟೀಚರ್,

ಪತ್ರ ಬಂದು ಓದಿ ಹೇಳಿದೆ. ಅಮ್ಮಿ ಇನ್ನೊಮ್ಮಿ ಓದು ಅಂದ್ರು. ಓದಿದೆ. ದೇವಕ್ಕ ಸೀರಿ ತಂದದ್ದು ಬರದೀರಲ್ಲ, ಅದಷ್ಟ ಮೂರನೇ ಸಲ ಓದಸಿದ್ರು. ಆಮ್ಯಾಲ ಕೊಡ ತಗೊಂಡು ನೀರಿಗೆ ಹೋದವರು ಹೊತ್ತು ಮುಳುಗೂ ಮುಂದ ಖಾಲಿ ಕೊಡ ಹಿಡಕೊಂಡು ಬಂದ್ರು.

ಉತ್ತರ ಏನು ಬರೀಲಿ ಅಂತ ದಿನಾ ಕೇಳತೇನಿ. ಇವತ್ತಲ್ಲ ಅಂತಾರ.

ನಂಗ ನಿಮ್ಮ ಮ್ಯಾಲ ಸಿಟ್ಟು ಬಂದೈತಿ, ಮುಚ್ಚಿಡೂದಿಲ್ಲ. ಆದ್ರ ಅಂಗನವಾಡಿಯೊಳಗ ಮೂರು ವರ್ಷದ ಕೂಸುಗಳು ಅವ್ವ ಬಿಟ್ಟು ಹೋಗುವಾಗ ಕಾಲು ಹಿಡಕೊಂಡು ಅಳೂದನ್ನ ದಿನಾ ನೋಡತೇನಿ. ಅವಾಗ ನಿಮ್ಮ ನೆನಪು ಬರತೈತಿ. ಅಷ್ಟ ಹೇಳಬಲ್ಲೆ.

ಸದ್ಯಕ್ಕ ಬರೀಬ್ಯಾಡ್ರಿ.

ಮಹೇಕ್


ಹಳಿಯಾಳ ತಾಲೂಕ
12 ಡಿಸೆಂಬರ್ 2024

ಸಾಯಿಮಾ,

ನೀ ಬರದು ಹಗುರಾದಿ. ನಿನ್ನ ಭಾರ ಈಗ ನನ್ನ ಮನ್ಯಾಗ ಬಂದು ಕುಂತೈತಿ.

ನಾ ಏನು ಮಾಡಿದೆ ಅಂತ ಕೇಳು. ಕಿತ್ತೂರಿಂದ ತಂದು ಇಳಿಸಿದ ದಿನಾನ ದೇವಕ್ಕ ಓಡಿ ಬಂದಳು. ಉಟ್ಟ ಅಕಿ ಸೀರಿ ಬಿಚ್ಚಿ ಅಕಿ ಕಟ್ಟಿ ಮ್ಯಾಲ ಒಗದೆ. ಯಾಕವಾ ಅಂದಳು. ನಾ ಒಳಗ ಹೋಗಿ ಬಾಗಲಾ ಹಾಕಿಕೊಂಡೆ. ಅಲ್ಲಿಂದ ಮುಂದ ನಾಕು ವರ್ಷ ಒಂದ ಗೋಡಿ ಆಚಿ ಈಚಿ ಇದ್ವಿ, ಅಕಿ ಜೋಡಿ ಮಾತಾಡಲಿಲ್ಲ. ಗೋಡಿ ಮ್ಯಾಲ ಅಕಿ ಚಿಂದಿ ಗಂಟು ಇಡತಿದ್ಲು. ನಾ ಅದನ್ನ ಎಮ್ಮಿ ಕಾಲಾಗ ಚೆಲ್ಲತಿದ್ದೆ.

ನನ್ನ ನಿಕಾದ ಹಿಂದಿನ ದಿನ ಕುಬಸಕ್ಕ ಅಂತ ಒಂದು ಹಸರು ಖಣ ತಂದು ಕೊಟ್ಟಳು. ‘ನನ್ನ ಮ್ಯಾಲ ಏನು ಸಿಟ್ಟೈತಿ ಹೇಳಿ ಹೋಗ’ ಅಂತ ಕೈ ಹಿಡಿದಳು. ಅಕಿ ಕಣ್ಣಮುಂದ ಆ ಖಣ ಒಲಿಗೆ ಹಾಕಿದೆ. ಉರಿ ಎದ್ದಾಗ ಅಕಿ ಮಾರಿ ಹೆಂಗಾತು ಅಂತ ನಂಗ ಈಗ ಕಾಣಾಕತ್ತೈತಿ. ಆವಾಗ ಕಂಡಿರಲಿಲ್ಲ.

ಹೇಳಿದಾಗ ನೀ ಏಳು ವರ್ಷದ ಕೂಸು. ಖಣ ಸುಟ್ಟಾಗ ನನಗ ಇಪ್ಪತ್ತೊಂದು ವರ್ಷ, ಎಲ್ಲಾ ತಿಳಿಯೋ ಹೆಂಗಸು. ದೇವಕ್ಕಗ ಒಮ್ಮಿ ಕೇಳಿದ್ರ ಆಗತಿತ್ತು, ನೀ ಹೇಳಿದೇನು ಅಂತ. ಕೇಳಲಿಲ್ಲ.

ನಿನಗ ಮಾಫಿ ಅಂತ ಬರಿ ಅಂದ್ರ ಮಹೇಕ್ ಬರೀತಾಳ. ನಾ ಅನ್ನಾಕತ್ತಿಲ್ಲ. ಇಲ್ಲ ಅಂತನೂ ಅನ್ನಾಕತ್ತಿಲ್ಲ. ನೀ ಒಂದು ಕೆಲಸ ಮಾಡು. ದೇವಕ್ಕ ಈಗ ಎಲ್ಲಿ ಅದಾಳ ಹುಡುಕು. ನಾ ಅಕಿ ಮುಂದ ಹೋಗಿ ನಿಂದ್ರಬೇಕು.

ಅಮೀರಬಿ


ಬೈಲಹೊಂಗಲ
5 ಜನವರಿ 2025

ಆಪಾ,

ಹುಡುಕಿದೆ. 

ದೇವಕ್ಕನ ಮನಿ ಮಾರಿ ಹದಿನೈದು ವರ್ಷಾಗೇತಿ. ಅಕಿ, ಅಕಿ ಗಂಡ ನಿಜಗುಣಪ್ಪನವರು ರಾಮದುರ್ಗದಾಗ ಮಗಳು ನಾಗರತ್ನಾನ ಮನ್ಯಾಗ ಹೋಗಿ ಇದ್ರಂತ. ನಾಗರತ್ನಾನ ನಂಬರ್ ಸಿಕ್ಕಿತು, ಫೋನ್ ಮಾಡಿದೆ. ದೇವಕ್ಕ ಹೋಗಿ ನಾಕು ವರ್ಷಾತು. ನಿಜಗುಣಪ್ಪನವರು ಅದಾರ, ಎಂಬತ್ತಾರು ವರ್ಷ. ಫೋನಿನ್ಯಾಗ ನಾ ಮತ್ತೇನೂ ಹೇಳಲಿಲ್ಲ. ಬುರಾನಸಾಬರ ಮಗಳು ಅಂದದ್ದಕ್ಕ ಅಕಿ ‘ಏನು ಕೆಲಸಿತ್ತರಿ?’ ಅಂತ ಕೇಳಿದ್ಲು. ಹಂಗ ಮಾತಾಡಸೂಣು ಅಂತ ಅಂದೆ. ನಾಕು ವರ್ಷ, ಆಪಾ. ಕೊರೋನಾ ವರ್ಷದಾಗ ನಿಮಗ ಒಂದು ಪತ್ರ ಬರದಿದ್ರ ಸಾಕಾಗಿತ್ತು. ನನ್ನ ಕಡಿ ಪೆನ್ನಿತ್ತು, ಹಾಳಿ ಇತ್ತು, ಸಾಲಿಗೆ ಸೂಟಿನೂ ಇತ್ತು.

ಪ್ರದರ್ಶನ ಹದಿನೆಂಟಕ್ಕ ಸುರು. ಓಡೋ ಹುಡುಗಿಯ ಚಿತ್ರ ತಗದು ಗೋಡಿಗೆ ಮಾರಿ ಮಾಡಿ ಇಟ್ಟೇನಿ. ಅದರ ಜಾಗಾದಾಗ ಇನ್ನೊಂದು ಬರದೇನಿ. ಸಿಮೆಂಟಿನ ಬಾಕು, ಅದರ ಮ್ಯಾಲ ಕುಂತ ಹದಿನೇಳು ವರ್ಷದಾಕಿ, ಹಿಂದ ಬಸ್ಸಿನ ಬೋರ್ಡು. ಕಾಡು ದೂರದಾಗ ಒಂದು ಹಸರು ಗೆರಿ, ಅಷ್ಟ. ಕೆಳಗ ಹಿಂಗ ಬರದೇನಿ: ‘ಕಿತ್ತೂರ, 1985. ಇಕಿ ಇಲ್ಲಿ ಅದಾಳ ಅಂತ ಹೇಳಿಕೊಟ್ಟಾಕಿ ಈ ಚಿತ್ರ ಬರದಾಕಿನ.’ ನಿಮ್ಮ ಹೆಸರು ಹಾಕಿಲ್ಲ. ಹಾಕು ಅಂದ್ರ ಹಾಕತೇನಿ. ಚಿತ್ರನ ಬ್ಯಾಡ ಅಂದ್ರ ತಗೀತೇನಿ.

ಸಾಯಿಮಾ


ಹಳಿಯಾಳ ತಾಲೂಕ
10 ಫೆಬ್ರವರಿ 2025

ಸಾಯಿಮಾ,

ನಿನಗ ಹೇಳದ ಬಂದು ಹೋದ್ವಿ. ಹೋದ ಮಂಗಳವಾರ, ನೀ ಸಾಲ್ಯಾಗ ಇರೋ ಹೊತ್ತು ನೋಡಿಕೊಂಡು.

ಗೋದಾಮಿನ್ಯಾಗ ಇನ್ನೂ ಹತ್ತಿ ವಾಸನಿ ಐತಿ. ಕೌದಿ ನೋಡಿದೆ, ಹಡಗು ನೋಡಿದೆ. ಬಾಕಿನ ಚಿತ್ರದ ಮುಂದ ನಿಂತೆ. ಬಾಕು ಖರೇ ಐತಿ. ಹುಡುಗಿ ಕೈ ತೊಡಿಮ್ಯಾಗ ಇಟಗೊಂಡದ್ದು ಖರೇ ಐತಿ. ಮಾರಿ ನಂದಲ್ಲ, ನಾ ಅವತ್ತ ಖುಷಿಯೊಳಗಿದ್ದೆ ಅಂತ ಹೇಳಿದ್ದೆ, ನೀ ಅಳೂ ಮಾರಿ ಬರದಿ. ಒಬ್ಬಾಕಿ ಕಾಲೇಜು ಹುಡುಗಿ ನನ್ನ ನೋಡಿ, ಚಿತ್ರ ನೋಡಿ, ‘ಇದು ನೀವೇನ್ರಿ?’ ಅಂದಳು. ಅಲ್ಲವಾ ಅಂದೆ. ಹೆಸರು ಹಾಕಬ್ಯಾಡ. ಚಿತ್ರ ಇರಲಿ.

ಅಲ್ಲಿಂದ ಬಸ್ ಹತ್ತಿ ರಾಮದುರ್ಗಕ್ಕ ಹೋದ್ವಿ.

ನಾಗರತ್ನಾ ನನ್ನ ಗುರತು ಹಿಡಿದಳು. ನಾ ನಿಮ್ಮ ಮನಿ ಬಿಡುವಾಗ ಪರಕಾರ ಪೋಲಕಾ ತೊಟ್ಟ ಸಣ್ಣ ಹುಡುಗಿ, ಈಗ ಅಕಿ ತಲಿನೂ ಬೆಳ್ಳಗ. ಒಳಗ ಕುಂದರಿಸಿ ಚಾ ಮಾಡಿದ್ಲು. ದೇವಕ್ಕ ತಪ್ಪು ಮಾಡಿಲ್ಲ, ನಾನ ತಪ್ಪು ತಿಳಕೊಂಡೆ ಅಂತ ಹೇಳಿ ಅತ್ತೆ. ಅಕಿ ನನ್ನ ಬೆನ್ನ ಮ್ಯಾಲ ಕೈ ಆಡಿಸಿ, ದನಿ ಸಣ್ಣ ಮಾಡಿ ಒಂದು ಮಾತು ಹೇಳಿದ್ಲು.

ಆ ಶುಕ್ರವಾರ ದೇವಕ್ಕ ತನ್ನ ಗಂಡ ಒಬ್ಬಂವನ ಮುಂದ ಅಷ್ಟ ಹೇಳಿದ್ಲಂತ, ನಾ ಕಿತ್ತೂರಿಗೆ ಹೋಗೂದನ್ನ. ಮರದಿನ ನಾ ಸಿಕ್ಕಿಬಿದ್ದ ಕೂಡಲೆ ಅಕಿ ತಿಳಕೊಂಡಳು, ಸಾಹೇಬರ ಗೆಳ್ಯಾ ಅಂತ ಗಂಡನ ಹೋಗಿ ಹೇಳ್ಯಾನ ಅಂತ. ಅಂವ ಲಿಂಗ ಮುಟ್ಟಿ ಆಣಿ ಮಾಡಿದ. ಅಕಿ ನಂಬಲಿಲ್ಲ. ರೊಟ್ಟಿ ಬಡದು ಹಾಕತಿದ್ಲು, ಅಂಗಿ ಹೊಲದು ಕೊಡತಿದ್ಲು, ಜಡ್ಡಾದಾಗ ಕಾಲು ಒತ್ತತಿದ್ಲು. ಆದ್ರ ಮೂವತ್ತೈದು ವರ್ಷ ಅಂವನ ಜೋಡಿ ಕುಂತು ಒಂದು ಮಾತು ಆಡಲಿಲ್ಲಂತ. ಊಟ ಆತು, ನೀರು ಐತಿ, ಅಷ್ಟ. ಹಂಗ ಹೋದಳು.

ನಾ ಹೊರಗ ಬಂದಾಗ ನಿಜಗುಣಪ್ಪ ಪಡಸಾಲ್ಯಾಗ ಕುರ್ಚಿ ಮ್ಯಾಲಿದ್ದ. ‘ಯಾರವಾ?’ ಅಂದ. ಬೈಲಹೊಂಗಲದಾಗ ಬಾಜೂ ಇದ್ದ ಅಮೀರಾ ಅಂದೆ. ಮುದುಕ ಗೋಡಿ ಹಿಡಕೊಂಡು ಎದ್ದು ನಿಂತು ನನಗ ಕೈ ಮುಗದ. ‘ನಾ ಹೇಳಿಲ್ಲ ತಂಗಿ. ನಾ ಯಾರ ಮುಂದೂ ಹೇಳಿಲ್ಲ’ ಅಂದ. ಇಷ್ಟು ವರ್ಷ ಆ ಮಾತು ಬಾಯಾಗ ಹಿಡಕೊಂಡ ಕುಂತಿದ್ದನೋ ಏನೋ.

ನಂಗೊತ್ತರಿ ಅಣ್ಣಾ, ಕುಂದರ್ರಿ ಅಂದೆ. ಹಂಗಾರ ಯಾರು ಅಂದ. ಹೇಳಾವ್ರು ಬರತಾರ್ರಿ ಅಂದೆ.

ನಿನ್ನ ಹೆಸರು ನಾ ಹೇಳಲಿಲ್ಲ. ಗೋದಾಮಿನ ಗೋಡಿಗೆ ಬರದು ಹಾಕಿದ್ದು ಅಂವಗ ಕಾಣೂದಿಲ್ಲ. ನೀ ಹೋಗು. ಲಗೂನ ಹೋಗು.

ಅಮೀರಬಿ


ಸವದತ್ತಿ
24 ಫೆಬ್ರವರಿ 2025

ಆಪಾ,

ನಿನ್ನೆ ಐತವಾರ ರಾಮದುರ್ಗಕ್ಕ ಹೋಗಿ ಬಂದೆ. ಪ್ರದರ್ಶನ ಮೊನ್ನೆ ಮುಗೀತು. ಪೇಪರದಾಗ ಚೊಲೊ ಬರದ್ರು, ಅದು ಇರಲಿ.

ಹೊರಗ ಚಪ್ಪಲಿ ಬಿಟ್ಟು ಭಾಳ ಹೊತ್ತು ನಿಂತಿದ್ದೆ. ನಾಗರತ್ನಾ ಬಾಗಲಾ ತಗದು, ಒಳಗ ಬರ್ರಿ ಅಂದ್ಲು. ನಿಜಗುಣಪ್ಪನವರು ಕುರ್ಚಿ ಮ್ಯಾಲಿದ್ರು. ನಾ ನೆಲದ ಮ್ಯಾಲ ಅವರ ಕಾಲ ಹಂತ್ಯಾಕ ಕುಂತೆ. ಕಿವಿ ಮಂದ ಅದಾವಂತ, ಜೋರಾಗಿ ಹೇಳಬೇಕು ಅಂದ್ಲು ನಾಗರತ್ನಾ. ನಲವತ್ತು ವರ್ಷ ಒಳಗಿಟ್ಟ ಮಾತನ್ನ ಓಣಿ ಮಂದಿಗೆಲ್ಲಾ ಕೇಳೋ ಹಂಗ ಒದರಿ ಹೇಳಿದೆ, ಆಪಾ. ಎರಡು ಸಲ ಹೇಳಬೇಕಾತು. ‘ಬುರಾನಸಾಬರ ಮಗಳು ನಾನು. ಕಿತ್ತೂರಿಗೆ ಹೋಗ್ಯಾಳ ಅಂತ ನಮ್ಮ ಅಬ್ಬಾನ ಮುಂದ ಹೇಳಿದಾಕಿ ನಾನು. ನಿಮ್ಮ ತಪ್ಪಿಲ್ಲ. ದೇವಕ್ಕನ ತಪ್ಪಿಲ್ಲ.’

ಅವರು ನನ್ನ ಮಾರಿನ ನೋಡಕೋತ ಕುಂತ್ರು. ಆಮ್ಯಾಲ ಕೇಳಿದ್ರು: ‘ಆವಾಗ ನಿನಗೆಷ್ಟು ವರ್ಷವಾ?’

‘ಏಳು.’

‘ಏಳು,’ ಅಂದ್ರು. ಬೆರಳು ಮಡಚಿ ಏನೋ ಎಣಿಸಿದಂಗ ಮಾಡಿ ಬಿಟ್ರು. ‘ನಾ ಆಣಿ ಮಾಡಿದೆ. ಇಷ್ಟು ಗಡಬಡಿಲೆ ಆಣಿ ಮಾಡೀದಿ ಅಂದ್ರ ಹೇಳಿದಾಂವ ನೀನ, ಅಂದಳು ಅಕಿ.’

ಬೈತಾರ ಅಂತ ಕಾದೆ. ಬೈಲಿಲ್ಲ. ಹೋಗಲಿ ಬಿಡವಾ ಅಂತನೂ ಅನ್ನಲಿಲ್ಲ. ನಾ ಅವರ ಪಾದದ ಮ್ಯಾಲ ಕೈ ಇಟ್ಟಿದ್ದೆ. ಅವರು ಕಾಲು ಹಿಂದಕ್ಕ ತಗೊಳ್ಳಲಿಲ್ಲ, ನನ್ನ ತಲಿಮ್ಯಾಲ ಕೈನೂ ಇಡಲಿಲ್ಲ.

ಎಷ್ಟೋ ಹೊತ್ತಿನ ಮ್ಯಾಲ ನಾಗರತ್ನಾನ ಕರದು, ಗೋಡಿ ಮ್ಯಾಲಿನ ಫೋಟೋ ತಗದು ಕೊಡು ಅಂದ್ರು. ಅಕಿ ಸ್ಟೂಲ್ ಹತ್ತಿ ದೇವಕ್ಕನ ಫೋಟೋ ಇಳಿಸಿ, ಮಾಲಿ ಬಿಚ್ಚಿ, ಸೆರಗಿಲೆ ಧೂಳ ಒರಸಿ ಅವರ ತೊಡಿಮ್ಯಾಲ ಇಟ್ಟಳು. ಅವರು ಎರಡೂ ಕೈಲೆ ಅದನ್ನ ಎತ್ತಿ ತಮ್ಮ ಮಾರಿ ಮುಂದ ಹಿಡಕೊಂಡ್ರು. ನಾ ಅಲ್ಲಿ ಇದ್ದದ್ದು ಅವರಿಗೆ ಮರತಂಗಾಗಿತ್ತು.

‘ಕೇಳಿದೇನು?’ ಅಂದ್ರು ಫೋಟೋಕ್ಕ. ‘ಈಗರೆ ನನ್ನ ಕೂಡ ಮಾತಾಡು.’

ಸಾಯಿಮಾ